ರಂಗಮ್ಮನ ಅಟ್ಟದ ಪರೀಕ್ಷೆ

ಸರಿಯಾಗಿದ್ದ ಕೆಲಸವನ್ನು ಕೈಯಾರೆ ಕೆಡಿಸಿ, ಅದನ್ನೇ ನೆಪ ಮಾಡಿಕೊಂಡು ಬೇಲೂರಿನ ಬಸ್ಸು ಹತ್ತಿದವಳು ನಾನು. ಇದನ್ನು ಮೊದಲೇ ಹೇಳಿಬಿಡುವುದು ವಾಸಿ. ಆಮೇಲೆ ಯಾರೂ ನನ್ನನ್ನು ಬಹಳ ಒಳ್ಳೆಯವಳು ಅಂದುಕೊಂಡು ಮೋಸ ಹೋಗಬಾರದು.

ನನ್ನ ಹೆಸರು ಶರ್ಮಿಳಾ. ಅರಸೀಕೆರೆಯ ಕೊಬ್ಬರಿ ಮಂಡಿ ಸಾಲಿನಲ್ಲಿ ಷಡಕ್ಷರಪ್ಪನವರ ಅಂಗಡಿ ಇದೆ, ಅದರ ಮಹಡಿಯ ಮೇಲೆ ಅವರೇ ನಡೆಸುವ ನಮ್ಮ ಆಫೀಸು. ಕೆಳಗೆ ಕೊಬ್ಬರಿ ಮೂಟೆ, ಮೇಲೆ ಕಂಪ್ಯೂಟರು. ತೆಂಗು ಬೆಳೆಗಾರರಿಗಾಗಿ ‘ಅಟ್ಟ’ ಎಂಬ ಮೊಬೈಲ್ ಆಪ್ ಮಾಡಿದ್ದೇವೆ. ನಮ್ಮ ಕಡೆ ಉಂಡೆ ಕೊಬ್ಬರಿ ಮಾಡುವವರು ಕಾಯಿಯನ್ನು ಸುಲಿಯದೆ ಅಟ್ಟಕ್ಕೆ ಹಾಕಿ ಹತ್ತು ಹನ್ನೊಂದು ತಿಂಗಳು ಹಾಗೇ ಬಿಡುತ್ತಾರೆ. ಒಳಗಿನ ನೀರು ಇಂಗಿ, ಕೊಬ್ಬರಿ ಚಿಪ್ಪು ಬಿಟ್ಟು ಉರುಳಾಡತೊಡಗಿದ ಮೇಲೆ ಇಳಿಸಬೇಕು. ಯಾವತ್ತು ಹಾಕಿದರು, ಯಾವತ್ತು ಇಳಿಸಬೇಕು ಎಂಬುದನ್ನು ಆಪ್ ನೆನಪಿಟ್ಟುಕೊಂಡು ಹೇಳುತ್ತದೆ.

ಅದು ಸರಿಯಾಗಿ ಹೇಳುತ್ತದೋ ಇಲ್ಲವೋ ಎಂದು ಪರೀಕ್ಷೆ ಮಾಡುವ ಕೆಲಸ ನನ್ನದು. ಹನ್ನೊಂದು ತಿಂಗಳು ಕಾಯುತ್ತ ಕೂರಲಾಗುವುದಿಲ್ಲವಲ್ಲ, ಅದಕ್ಕೆ ಆಪ್‌ಗೆ ಸುಳ್ಳು ಹೇಳುತ್ತೇವೆ. ಹೊರಗೆ ನವೆಂಬರ್ ಇದ್ದರೂ ‘ಇವತ್ತು ಮಾರ್ಚ್ ಹತ್ತು’ ಎನ್ನುತ್ತೇವೆ. ಅದು ನಂಬುತ್ತದೆ. ಆಗ ಪರದೆಯ ಮೇಲೆ ‘ಕಾಯಿ ಇಳಿಸಿ’ ಎಂದು ಬರುತ್ತದೆಯೇ ಎಂದು ನೋಡುತ್ತೇವೆ. ಇಂಥ ಸುಳ್ಳುಗಳನ್ನು ಕಟ್ಟಿಕೊಡಲೆಂದೇ ಒಂದು ಸಿದ್ಧ ಸಲಕರಣೆ ಸಿಗುತ್ತದೆ, ಅದಕ್ಕೆ ಮಾಕಿಂಗ್ ಲೈಬ್ರರಿ ಅನ್ನುತ್ತಾರೆ. ಪರೀಕ್ಷೆ ಮುಗಿದ ಕೂಡಲೇ ಹೇಳಿದ ಸುಳ್ಳನ್ನು ಒಂದು ಸಾಲು ಬರೆದು ವಾಪಸು ತೆಗೆದುಕೊಳ್ಳಬೇಕು. ಮರೆತರೆ ಮುಂದಿನ ಪರೀಕ್ಷೆಯೂ ಅದೇ ಸುಳ್ಳಿನೊಳಗೆ ಓಡುತ್ತದೆ.

ನಮ್ಮಲ್ಲಿರುವ ನಲವತ್ತೇಳು ಪರೀಕ್ಷೆಗಳಲ್ಲಿ ಮುಕ್ಕಾಲು ಪಾಲು ಬರೆದವಳು ಹೇಮಾಶ್ರೀ. ಗಂಡಸಿ ಊರಿನವಳು, ರಾಗಿ ತೆಂಗು ಬೆಳೆಯುವ ಮನೆಯ ಮಗಳು. ನಾಲ್ಕು ವರ್ಷ ನನ್ನ ಪಕ್ಕದ ಕುರ್ಚಿಯಲ್ಲಿ ಕೂತಿದ್ದಳು. ಬೇರೆಯವರಾದರೆ ಪರೀಕ್ಷೆಗೆ ‘ರೈತ ಒಂದು, ರೈತ ಎರಡು’ ಎಂದು ಹೆಸರು ಕೊಡುತ್ತಾರೆ. ಇವಳು ತನ್ನ ನೆಂಟರಿಷ್ಟರನ್ನೆಲ್ಲ ತಂದು ಕೂರಿಸಿದ್ದಳು. ಹಾರನಹಳ್ಳಿಯ ಗಿಡ್ಡಮ್ಮ ಯಾವ ಗುಂಡಿಯನ್ನೇ ಆಗಲಿ ಎರಡು ಸಲ ಒತ್ತುತ್ತಾಳೆ. ಪುಟ್ಟರಾಜು ಸಿಗ್ನಲ್ ಇಲ್ಲದ ತೋಟದಲ್ಲೇ ನಿಂತು ಎಲ್ಲ ತುಂಬುತ್ತಾನೆ. ಗಂಡಸಿಯ ರಂಗಮ್ಮ, ಅಂದರೆ ಅವಳ ಅಜ್ಜಿ, ಸಾವಿರದ ಇನ್ನೂರು ಕಾಯಿ ಅಟ್ಟಕ್ಕೆ ಹಾಕಿ ಮರೆತೇಬಿಡುತ್ತಾಳೆ. ಅಟ್ಟ ಖಾಲಿ ಇದ್ದರೆ ಆಪ್ ಏನು ಮಾಡುತ್ತದೆ ಎಂಬ ಪರೀಕ್ಷೆಗೆ ನನ್ನ ಹೆಸರಿಟ್ಟಿದ್ದಳು. ಶರ್ಮಿಳಾ, ಅರಸೀಕೆರೆ, ಸೊನ್ನೆ ಕಾಯಿ.

“ಮಂಡಿ ಮನೆ ಹುಡುಗಿ ನೀನು. ಕೊಬ್ಬರಿ ತಿಂದಿದೀಯ, ಒಂದಿನಾನಾದ್ರೂ ಕಾಯಿ ಹೊತ್ತಿದೀಯೇನೇ?” ಎಂದಿದ್ದಳು.

ನಮ್ಮಿಬ್ಬರ ಮಧ್ಯೆ ಮಾತು ನಿಂತಿದ್ದು ಜಗಳದಿಂದ ಅಲ್ಲ. ಜಗಳವಾಡಿದ್ದರೆ ಎಷ್ಟೋ ಚೆನ್ನಾಗಿತ್ತು. ಅವಳ ಮದುವೆ ಬೇಲೂರಿನ ಅರುಣ್‌ಕುಮಾರ್ ಜೊತೆ ಗೊತ್ತಾದಾಗ ಅವಳ ತಂದೆ ರಾಮಣ್ಣ ಮಂಡಿಗೆ ಬಂದು, ಷಡಕ್ಷರಪ್ಪನವರ ಕೈಗೆ ಒಂದು ಲಗ್ನಪತ್ರಿಕೆ ಕೊಟ್ಟು, “ಎಲ್ಲಾರೂ ಬಂದ್ಬುಡಿ ಸ್ವಾಮಿ” ಎಂದು ಹೇಳಿ ಹೋದರು. ಲಕೋಟೆಯ ಮೇಲೆ ‘ಷಡಕ್ಷರಪ್ಪನವರು ಮತ್ತು ಸಿಬ್ಬಂದಿ’ ಎಂದಿತ್ತು. ನಮ್ಮ ಮನೆಗಳಲ್ಲಿ ಕರೆಯುವವರು ಮನೆ ಬಾಗಿಲಿಗೆ ಬರಬೇಕು, ಹೆಂಗಸರ ಹಣೆಗೆ ಕುಂಕುಮ ಇಟ್ಟು ಅಕ್ಷತೆ ಕೊಟ್ಟು ಕರೆಯಬೇಕು. ಹಾಗೆ ಕರೆಯದಿದ್ದರೆ ಪಕ್ಕದ ಮನೆಯ ಮದುವೆಗೂ ನಾವು ಹೋಗುವುದಿಲ್ಲ. ಅವರ ಕಡೆ ಒಂದು ಕೇರಿಗೆಲ್ಲ ಒಂದೇ ಮಾತು ಹೇಳಿ ಬರುವುದುಂಟು, ಯಾರೂ ತಪ್ಪು ತಿಳಿಯುವುದಿಲ್ಲ. ಇದು ನನಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೂ ಉರಿದುಹೋದೆ. ನಾಲ್ಕು ವರ್ಷ ಒಂದೇ ಡಬ್ಬಿಯಲ್ಲಿ ಊಟ ಮಾಡಿದವಳು ನಾನು, ಕೊನೆಗೆ ಸಿಬ್ಬಂದಿಯಾದೆನೇ ಎಂದು.

ಅವಳ ಕೆಲಸದ ಕೊನೆಯ ದಿನ ನಾನು ಬೆಳಗಿನಿಂದ ಸಂಜೆವರೆಗೆ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಕೂತಿದ್ದೆ. ಅದರಲ್ಲಿ ಹಾಡೂ ಇರಲಿಲ್ಲ, ಏನೂ ಇರಲಿಲ್ಲ. ಅವಳು ಎರಡು ಸಲ ನನ್ನ ಕಡೆ ತಿರುಗಿದ್ದು ಕಣ್ಣಂಚಿನಲ್ಲಿ ಕಾಣಿಸಿತು. ಮದುವೆ ನಡೆದದ್ದು ನಮ್ಮ ಮನೆಯಿಂದ ಎರಡು ಬೀದಿ ಆಚೆಯ ಕಲ್ಯಾಣಮಂಟಪದಲ್ಲಿ. ಓಲಗ ನಮ್ಮ ತಾರಸಿಗೆ ಕೇಳಿಸುತ್ತಿತ್ತು. ನಮ್ಮಮ್ಮ ದ್ರಾಕ್ಷಾಯಣಿ, “ಹೋಗಿ ನಾಲ್ಕು ಅಕ್ಷತೆ ಹಾಕಿ ಬಂದ್ರೆ ನಿನ್ನ ಗಂಟೇನು ಹೋಗುತ್ತೆ?” ಎಂದು ಗದರಿದರು. ನಾನು ಮಡಿಸಿದ ಬಟ್ಟೆಯನ್ನೇ ಮತ್ತೆ ಮಡಿಸುತ್ತ ಕೂತೆ. ಅದಾಗಿ ಒಂದು ವರ್ಷ ಏಳು ತಿಂಗಳು. ಒಂದು ಫೋನಿಲ್ಲ, ಒಂದು ಮೆಸೇಜಿಲ್ಲ. ಪಕ್ಕದ ಕುರ್ಚಿಗೆ ಬೇರೆ ಯಾರನ್ನೂ ಕೂರಲು ನಾನು ಬಿಡಲಿಲ್ಲ. ನನ್ನ ಬ್ಯಾಗ್ ಇಡುತ್ತಿದ್ದೆ.

ಮೊನ್ನೆ ಸೋಮವಾರ ಆ ಮಾಕಿಂಗ್ ಲೈಬ್ರರಿಯ ಹೊಸ ಆವೃತ್ತಿ ಹಾಕಿದೆ. ಪರೀಕ್ಷೆ ಓಡಿಸಿದರೆ ಹದಿನಾರು ಒಟ್ಟಿಗೆ ಬಿದ್ದವು. ಪರದೆ ತುಂಬ ಕೆಂಪು ಅಕ್ಷರ. ಕೆಲವು ಕಡೆ ತಾರೀಕು ತಪ್ಪು ಬಂದಿದೆ ಎಂಬ ದೂರು. ಇನ್ನು ಕೆಲವು ಕಡೆ ‘ಇದಕ್ಕೆ ಏನು ಉತ್ತರ ಕೊಡಬೇಕೆಂದು ನನಗೆ ಹೇಳಿಲ್ಲ’ ಎಂದು ಲೈಬ್ರರಿ ಕೈಯೆತ್ತಿತ್ತು. ಮೊದಲು ಪರೀಕ್ಷೆ ಓಡಿಸುವ ಫೋನನ್ನು ಬೈದೆ, ಬೇರೆ ಫೋನ್ ತಂದೆ. ಹಳೆಯ ಆವೃತ್ತಿಗೇ ಹೋಗೋಣವೆಂದರೆ ಹೊಸ ಫೋನುಗಳಲ್ಲಿ ಅದು ಓಡುವುದೇ ಇಲ್ಲ. ಎಲ್ಲ ಅಳಿಸಿ ಮೊದಲಿನಿಂದ ಕಟ್ಟಿದೆ. ವಿಚಿತ್ರವೆಂದರೆ ಒಂದೊಂದನ್ನೇ ಓಡಿಸಿದರೆ ಎಲ್ಲ ಪಾಸು, ಒಟ್ಟಿಗೆ ಓಡಿಸಿದರೆ ಫೇಲು. ಕೂಡು ಕುಟುಂಬದಲ್ಲಿ ಯಾವ ವಾರಗಿತ್ತಿ ಶುರು ಮಾಡಿದಳು ಎಂದು ಪತ್ತೆ ಹಚ್ಚುವ ಹಾಗೆ, ಅರ್ಧರ್ಧ ಭಾಗ ಮಾಡಿ ಓಡಿಸುತ್ತ, ಆ ಅರ್ಧವನ್ನು ಮತ್ತೆ ಅರ್ಧ ಮಾಡುತ್ತ ಬಂದೆ. ಬುಧವಾರ ಮಧ್ಯಾಹ್ನ ಸಿಕ್ಕಿತು.

ಮೂವತ್ತೊಂದನೆಯದು, ರಂಗಮ್ಮನ ಅಟ್ಟ. ಅದು ‘ಇವತ್ತು ಇಂಥ ದಿನ’ ಎಂದು ಸುಳ್ಳು ಹೇಳಿ ವಾಪಸು ತೆಗೆದುಕೊಂಡೇ ಇರಲಿಲ್ಲ. ಅದರ ಹಿಂದೆ ಓಡಿದ ಹದಿನಾರೂ ಅದೇ ದಿನದಲ್ಲಿ ಸಿಕ್ಕಿಹಾಕಿಕೊಂಡಿದ್ದವು. ಹಳೆಯ ಆವೃತ್ತಿಯಲ್ಲಿ ಈ ಪರೀಕ್ಷೆ ಎಲ್ಲಕ್ಕಿಂತ ಕೊನೆಗೆ ಓಡುತ್ತಿತ್ತು. ಅದರ ಹಿಂದೆ ಯಾರೂ ಇರಲಿಲ್ಲವಾದ್ದರಿಂದ ತಪ್ಪು ಗೊತ್ತಾಗಿರಲಿಲ್ಲ. ಹೊಸದರಲ್ಲಿ ಸರದಿ ಬದಲಾಯಿತು, ಬಣ್ಣ ಬಯಲಾಯಿತು. ಹೇಮಾಶ್ರೀ ಬರೆದ ಮೂವತ್ತೈದರಲ್ಲಿ ಆ ಸಾಲು ಬಿಟ್ಟಿದ್ದು ಇದೊಂದರಲ್ಲೇ. ಯಾವತ್ತು ಬರೆದದ್ದು ಎಂದು ನೋಡಿದೆ. ಅವಳ ಕೊನೆಯ ದಿನ, ಮಧ್ಯಾಹ್ನ ಮೂರೂವರೆಗೆ. ನಾನು ಇಯರ್‌ಫೋನ್ ಹಾಕಿಕೊಂಡು ಕೂತಿದ್ದ ದಿನ.

ಆ ಒಂದು ಸಾಲು ಸೇರಿಸಿದೆ, ಸರ್ವರ್‌ಗೆ ಕಳಿಸಿದೆ. ನಲವತ್ತೇಳೂ ಪಾಸಾದವು. ಆಗ ಸಂಜೆ ನಾಲ್ಕು ಹತ್ತು. ಖುಷಿಯಾಗಬೇಕಿತ್ತು, ಆಗಲಿಲ್ಲ. ಇನ್ನು ಅವಳನ್ನು ಕೇಳಬೇಕಾದ್ದು ಏನೂ ಉಳಿದಿಲ್ಲ ಎನ್ನಿಸಿತು. ಬರೀ ನೋಡಬೇಕು ಅಂತ ಹೋಗುವ ಧೈರ್ಯ ನನಗಿರಲಿಲ್ಲ. ಬಾಗಿಲಲ್ಲಿ ನಿಂತು ಏನು ಹೇಳಲಿ? ಅರ್ಧ ಗಂಟೆ ಸುಮ್ಮನೆ ಕೂತಿದ್ದು, ಆ ಸಾಲನ್ನು ಅಳಿಸಿ ಮತ್ತೆ ಕಳಿಸಿದೆ. ಹದಿನಾರು ಮತ್ತೆ ಬಿದ್ದವು.

ಮಾರನೆಯ ದಿನ ಷಡಕ್ಷರಪ್ಪನವರಿಗೆ ಹೇಳಿದೆ. “ಸಾರ್, ಇದು ಹೇಮಾಶ್ರೀ ಬರೆದಿದ್ದು. ಅವಳನ್ನೇ ಕೇಳಬೇಕು. ನಾಳೆ ಬೇಲೂರಿಗೆ ಹೋಗಿ ಬರ್ತೀನಿ.”

“ಫೋನ್ ಮಾಡಮ್ಮ, ಅದಕ್ಯಾಕೆ ಅಷ್ಟು ದೂರ.”

“ಫೋನಲ್ಲಿ ಆಗಲ್ಲ ಸಾರ್. ಎದುರಿಗೆ ಕೂತೇ ನೋಡಬೇಕು.”

ಅವರು ಕನ್ನಡಕದ ಮೇಲಿಂದ ಒಂದು ಗಳಿಗೆ ನೋಡಿ, “ಹೋಗ್ಬಾ” ಎಂದರು.

ಶುಕ್ರವಾರದ ಬಸ್ಸು ಜಾವಗಲ್‌ನಲ್ಲಿ ಖಾಲಿಯಾಗಿ, ಹಳೇಬೀಡಿನಲ್ಲಿ ಪ್ರವಾಸ ಬಂದ ಶಾಲೆ ಮಕ್ಕಳಿಂದ ತುಂಬಿಕೊಂಡಿತು. ಮೇಷ್ಟ್ರೊಬ್ಬರು ನನ್ನ ಮಡಿಲಲ್ಲಿದ್ದ ಲ್ಯಾಪ್‌ಟಾಪ್ ಚೀಲದ ಮೇಲೆ ತಮ್ಮ ಟಿಫನ್ ಬಾಕ್ಸ್ ಇಟ್ಟರು. ಬೇರೆ ದಿನವಾಗಿದ್ದರೆ ಸುಮ್ಮನಿರುತ್ತಿರಲಿಲ್ಲ. ಅವತ್ತು ನನ್ನ ತಲೆಯಲ್ಲಿ ಇದ್ದದ್ದು ಒಂದೇ. ಅವಳು ಬಾಗಿಲು ತೆಗೆದು ‘ಏನು ಬೇಕಿತ್ತು?’ ಎಂದುಬಿಟ್ಟರೆ?

ಬೇಲೂರಿನ ಬಸ್ ನಿಲ್ದಾಣದ ಹಿಂದಿನ ರಸ್ತೆಯಲ್ಲಿ ಅವರ ಮನೆ. ಬಾಗಿಲು ತೆರೆದೇ ಇತ್ತು. ನಡುಮನೆಯ ಮಂಚದ ಮೇಲೆ ವಯಸ್ಸಾದ ಹೆಂಗಸು ಮಲಗಿದ್ದರು. ಹೇಮಾಶ್ರೀಯ ಅತ್ತೆ ಮಹದೇವಮ್ಮ. ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡ ಮೇಲೆ ಎದ್ದಿಲ್ಲ ಎಂದು ಯಾರೋ ಹೇಳಿದ್ದರು.

“ಯಾರವ್ವಾ?”

“ಅರಸೀಕೆರೆಯಿಂದ ಬಂದೆ. ಹೇಮಾಶ್ರೀ ಜೊತೆ ಕೆಲಸದಲ್ಲಿದ್ದೆ.”

“ಶರ್ಮಿಳಾನಾ? ಬಾರವ್ವಾ, ಒಳೀಕ್ ಬಾ.”

ನನ್ನ ಹೆಸರು ಇವರಿಗೆ ಹೇಗೆ ಗೊತ್ತು ಎಂದು ಯೋಚಿಸುವಷ್ಟರಲ್ಲಿ ಹೇಮಾಶ್ರೀ ಅಡುಗೆಮನೆಯಿಂದ ಬಂದಳು. ಕೈಗೆ ರಾಗಿ ಹಿಟ್ಟು ಮೆತ್ತಿತ್ತು. ಸೊರಗಿದ್ದಳು. “ಬಂದ್ಯಾ” ಎಂದಳು, ಸಂತೆಗೆ ಹೋಗಿ ಬಂದವಳನ್ನು ಕೇಳುವ ಹಾಗೆ. ಒಂದು ಆಶ್ಚರ್ಯವಾದರೂ ಬೇಡವೇ? ದಾರಿಯುದ್ದಕ್ಕೂ ಹೆದರಿಕೊಂಡು ಬಂದ ನನಗೆ ಸಿಟ್ಟೇ ಬಂತು.

ಊಟವಾದ ಮೇಲೆ ಲ್ಯಾಪ್‌ಟಾಪ್ ತೆಗೆದೆ. ಹೊಸ ಆವೃತ್ತಿ, ಕೆಂಪು ಅಕ್ಷರ, ಒಂದೊಂದಾಗಿ ಪಾಸು, ಒಟ್ಟಿಗೆ ಫೇಲು, ಎಲ್ಲವನ್ನೂ ಕಾಲು ಗಂಟೆ ವಿವರಿಸಿದೆ. ಏನೂ ತಿಳಿಯದ ಪೆದ್ದಿಯ ಹಾಗೆ ನಟಿಸಿದೆ. ಅವಳು ನಡುವೆ ಬಾಯಿ ಹಾಕದೆ ಕೇಳಿದಳು. ಆಮೇಲೆ ನೇರವಾಗಿ ರಂಗಮ್ಮನ ಅಟ್ಟಕ್ಕೆ ಹೋಗಿ, ಆ ಸಾಲನ್ನು ಬರೆದು, ಸರ್ವರ್‌ಗೆ ಕಳಿಸಿದಳು. ಹುಡುಕಲೇ ಇಲ್ಲ.

“ನಾನು ಬಿಟ್ಟಿದ್ದೆ ಅಲ್ವಾ ಇದ್ನ. ಅವತ್ತು ಮನಸ್ಸು ಸರಿ ಇರ್ನಿಲ್ಲ” ಎಂದಷ್ಟೇ ಹೇಳಿ ಕಾಫಿಗೆ ಇಡಲು ಎದ್ದಳು.

ಹತ್ತು ನಿಮಿಷಕ್ಕೆ ನನ್ನ ಫೋನ್ ಸದ್ದು ಮಾಡಿತು. ಅದೇ ಗಳಿಗೆಗೆ ಕಿಟಕಿಯ ಮೇಲಿದ್ದ ಅವಳ ಫೋನೂ ಸದ್ದು ಮಾಡಿತು. ಸರ್ವರ್ ಪರೀಕ್ಷೆ ಮುಗಿಸಿದಾಗಲೆಲ್ಲ ತಂಡದವರಿಗೆ ಒಂದು ಮೇಲ್ ಹೋಗುತ್ತದೆ. ಎಷ್ಟು ಪಾಸು, ಎಷ್ಟು ಫೇಲು, ಕೊನೆಗೆ ಕೈ ಹಾಕಿದವರು ಯಾರು ಎಂಬುದೆಲ್ಲ ಅದರಲ್ಲಿರುತ್ತದೆ. ನಾನು ಎದ್ದು ಹೋಗಿ ಅವಳ ಫೋನ್ ನೋಡಿದೆ. ‘ಅಟ್ಟ: 47ರಲ್ಲಿ 47 ಪಾಸ್. ಬದಲಾವಣೆ: ಶರ್ಮಿಳಾ.’

“ನಿನಗೆ ಇನ್ನೂ ಬರುತ್ತಾ ಇದು?”

“ಯಾರೂ ನನ್ ಹೆಸ್ರು ತೆಗೀಲಿಲ್ಲ. ತೆಗೀರಿ ಅಂತ ನಾನೂ ಹೇಳ್ಲಿಲ್ಲ.” ಅವಳು ಒಲೆಯ ಕಡೆಗೇ ಮುಖ ಮಾಡಿದ್ದಳು. “ದಿನಾ ಬತ್ತೈತೆ. ಅತ್ತೆಗೆ ಊಟ ಕೊಟ್ಟು ನೋಡ್ತೀನಿ. ನಿನ್ ಹೆಸ್ರು ಇದ್ರೆ, ಸರಿ, ಇವತ್ತು ಬಂದವ್ಳೆ, ಚೆನ್ನಾಗವ್ಳೆ ಅನ್ಕತೀನಿ. ಆಷಾಢದಾಗೆ ಹತ್ತು ದಿವ್ಸ ನಿನ್ ಹೆಸ್ರೇ ಬರ್ನಿಲ್ಲ. ಏನಾಗಿತ್ತೇ?”

“ಅಮ್ಮಂಗೆ ಹುಷಾರಿರಲಿಲ್ಲ. ಹಾಸನದ ಆಸ್ಪತ್ರೆಲಿದ್ವಿ.”

“ಈಗ?”

“ಓಡಾಡ್ತಾರೆ.”

ಆ ಹತ್ತು ದಿನ ವಾರ್ಡಿನ ಹೊರಗಿನ ಬೆಂಚಿನ ಮೇಲೆ ಕೂತು, ನನ್ನನ್ನು ಕೇಳುವವರು ಯಾರೂ ಇಲ್ಲ ಎಂದುಕೊಂಡಿದ್ದೆ. ಅಳು ಬಂತು. ತಡೆದುಕೊಳ್ಳಲೂ ಹೋಗಲಿಲ್ಲ.

“ಬುಧವಾರ ಎಲ್ಡು ಬಂದ್ವು” ಎಂದಳು. “ಮೊದ್ಲನೇದು ಎಲ್ಲಾ ಪಾಸು. ಅರ್ಧ ಗಂಟೆಗೆ ಹದಿನಾರು ಫೇಲು. ಎಲ್ಡಕ್ಕೂ ನಿನ್ ಹೆಸ್ರೇ. ಸರಿ ಮಾಡಿದ್ನ ಯಾಕೆ ಕೆಡಿಸಿದ್ಲು ಅಂತ ಯೋಚ್ನೆ ಮಾಡ್ದೆ. ಅವತ್ತಿಂದ ಬಸ್ಸು ಬಂದಾಗ್ಲೆಲ್ಲ ಬಾಗ್ಲಿಗೆ ಬಂದು ನೋಡ್ತಾ ಇದೀನಿ ಕಣೇ.”

“ಮದುವೆಗೆ ಬರಲಿಲ್ಲ ನಾನು. ತಪ್ಪಾಯ್ತು.”

“ಅಪ್ಪಂಗೆ ಮನೆಗೋಗಿ ಕರೀಬೇಕು ಅಂತ ತಿಳೀಲಿಲ್ಲ. ನನಗೆ ತಿಳೀಬೇಕಿತ್ತು” ಎಂದಳು. ಕಾಫಿ ಉಕ್ಕಿ ಒಲೆಯ ಮೇಲೆ ಚೆಲ್ಲಿತು. ಇಬ್ಬರೂ ಅದನ್ನು ಒರೆಸಲು ಹೋಗಲಿಲ್ಲ.

ಕೆಲಸಕ್ಕೆ ವಾಪಸು ಬಾ ಎಂದೆ. ವಾರಕ್ಕೆ ಎರಡು ದಿನ ಬಂದರೂ ಸಾಕು ಎಂದೆ. ಅವಳು ನಡುಮನೆಯ ಕಡೆ ನೋಡಿ ಆಗದು ಎಂದು ತಲೆಯಾಡಿಸಿದಳು. ಅರುಣ್‌ಕುಮಾರ್ ಬೆಳಿಗ್ಗೆ ಎಂಟಕ್ಕೆ ಹೋದರೆ ಬರುವುದು ರಾತ್ರಿ. ಅತ್ತೆಯನ್ನು ಮಗ್ಗುಲು ಹೊರಳಿಸಲೂ ಇನ್ನೊಬ್ಬರು ಬೇಕು. ಅವರು ಎದ್ದು ಓಡಾಡುತ್ತಾರೆ ಎಂದು ಡಾಕ್ಟರು ಹೇಳಿಲ್ಲವಂತೆ, ಇಲ್ಲವೆಂದೂ ಹೇಳಿಲ್ಲವಂತೆ.

ನಾಲ್ಕೂವರೆ ಬಸ್ಸಿಗೆ ಹೊರಟೆ. ಒಳಗಿನಿಂದ ಮಹದೇವಮ್ಮ ಕೂಗಿದರು, ನೀರು ಬೇಕಂತೆ. ಹೇಮಾಶ್ರೀ “ಬಂದೇ ಅತ್ತೇ” ಎಂದವಳು ಹೋಗದೆ ಹೊಸ್ತಿಲಲ್ಲೇ ನಿಂತು, ನನ್ನ ಚೀಲದ ಪಟ್ಟಿ ಹಿಡಿದುಕೊಂಡು, “ದಿನಾ ಬರೋ ಆ ಮೇಲ್‌ನಿಂದ ನನ್ ಹೆಸ್ರು ಮಾತ್ರ ತೆಗೀಬ್ಯಾಡ ಕಣೇ” ಎಂದಳು.