ಏಪ್ರಿಲ್ ಅಭಿಮಾನಿ

ಬಿಳಿಯ ಚೂರೊಂದು ಕೋಟಿನ ತೋಳಿನ ಮೇಲೆ ಬಿದ್ದು ಕರಗಿತು, ಹಿಮವೇ, ಏಪ್ರಿಲ್ ಎರಡನೇ ವಾರದಲ್ಲೂ ಹಿಮವೇ, ಒಹಾಯೊದಲ್ಲಿ ಬೇಸ್‌ಬಾಲ್ ಶುರುವಾಗುವುದೇ ಹೀಗೆ, ಕೈಗವಸು ಹಾಕಿಕೊಂಡರೆ ಕಡಲೆಕಾಯಿ ಸುಲಿಯಲಾಗದು, ಬಿಚ್ಚಿದರೆ ಬೆರಳು ಮರಗಟ್ಟುತ್ತದೆ, ಕೆಳಗೆ ಚೆಂಡು ಎಸೆಯುವವನೂ ಅಂಗೈಗೆ ಉಸಿರೂದಿಕೊಳ್ಳುತ್ತಿದ್ದಾನೆ, ಪಾಪ, ಅವನನ್ನಾದರೂ ನೋಡೋಣವೆಂದರೆ ಪಕ್ಕದ ಸೀಟಿನಿಂದ ಪಿಸುಮಾತು — ತಮ್ಮ ಲೈಲ್‌ನ ಫೋನಿನಲ್ಲಿ ಜಾರ್ಜಿಯಾದ ಗಾಲ್ಫ್ ಪಂದ್ಯ, ವಿವರಣೆ ಹೇಳುವವರು ಸಾವಿನ ಮನೆಗೆ ಬಂದವರ ಹಾಗೆ ದನಿ ತಗ್ಗಿಸಿಕೊಂಡು, ಆಹಾ ಆ ಹಸಿರು ನೋಡಿ, ರೇಷ್ಮೆ ಹಾಸಿದ ಹಾಗಿದೆ, ಅನ್ನುತ್ತಾರೆ, ಹಾಸಿದವನು ಯಾರು, ಬೆಳಗಿನ ಐದಕ್ಕೆ ಎದ್ದು ಅದನ್ನು ಕತ್ತರಿಸಿದವನು ಯಾರು, ಒಬ್ಬನಾದರೂ ಹೇಳಿದನೆ, ರೊವೀನಾ ಹಲ್ಲು ಕಡಿದಳು, ಮೈದಾನಕ್ಕೆ ಬಂದು ಕೂತು ಇನ್ನೊಂದು ಆಟ ನೋಡುವವನಿಗೆ ಏನೆನ್ನಬೇಕು, ಆದರೆ ಅವಳು ಬಾಯಿ ತೆರೆದರೆ ಅವನ ಉತ್ತರ ಸಿದ್ಧವಾಗಿರುತ್ತದೆ, ನೀನು ಏಪ್ರಿಲ್ ಅಭಿಮಾನಿ ಕಣೇ, ಎರಡು ವಾರ ಗಾಲ್ಫು, ಎರಡು ವಾರ ಬೇಸ್‌ಬಾಲು, ಜೂನ್‌ನಲ್ಲಿ ನಮ್ಮ ಟೀಮ್ ಎಷ್ಟನೇ ಜಾಗದಲ್ಲಿದೆ ಅಂದ್ರೆ ತಿಳಿಯಲ್ಲ — ತಿಳಿಯುವುದಿಲ್ಲ, ನಿಜ, ತಿಳಿಯಬೇಕಾಗಿಯೂ ಇಲ್ಲ, ಏಪ್ರಿಲ್‌ನಲ್ಲಿ ಇನ್ನೂ ಯಾರೂ ಸೋತಿರುವುದಿಲ್ಲ, ಅಷ್ಟು ಸಾಕು.

ಸಾಕಾಗುತ್ತಿತ್ತು, ಇವನು ಅರ್ಧ ಗಂಟೆಯ ಹಿಂದೆ ಆ ಭಾಷಣ ಓದಿ ಹೇಳದಿದ್ದರೆ, ಒಬ್ಬ ಆಟಗಾರ ಚೆಂಡು ಹೊಡೆದು ಇನ್ನೊಬ್ಬ ಹೊಡೆಯುವ ನಡುವಿನ ಬಿಡುವಿನಲ್ಲಿ, ಕೇಳಿಲ್ಲಿ ರೊವೀನಾ, ಶನಿವಾರ ಕ್ಲಬ್ಬಲ್ಲಿ ಇದನ್ನ ಓದ್ತೀನಿ, ಹೇಗಿದೆ ಹೇಳು — ಬರ್ಚ್ ಹಾಲೋ ಗಾಲ್ಫ್ ಕ್ಲಬ್ಬಿನವರು ಅಭ್ಯಾಸದ ಅಂಗಳಕ್ಕೆ, ಅಲ್ಲಿ ಹುಲ್ಲು ನೋಡಿಕೊಳ್ಳುತ್ತಿದ್ದ ಅಪ್ಪನ ಹೆಸರಿಡುತ್ತಾರಂತೆ, ಅಪ್ಪ ಸತ್ತು ಒಂಬತ್ತು ವರ್ಷವಾದ ಮೇಲೆ, ಹಿತ್ತಾಳೆಯ ಫಲಕ, ಆರಿನ್ ಟಟಲ್, ಇಪ್ಪತ್ತೆರಡು ವಸಂತಗಳ ಹುಲ್ಲಿನ ಒಡನಾಡಿ, ಒಡನಾಡಿಯಂತೆ, ಇಪ್ಪತ್ತೆರಡು ವರ್ಷದಲ್ಲಿ ಒಂದು ದಿನವೂ ಮುಂಬಾಗಿಲಿನಿಂದ ಒಳಗೆ ಬಿಡಲಿಲ್ಲ, ಊಟವೂ ಉಪಕರಣದ ಕೊಟ್ಟಿಗೆಯಲ್ಲಿ, ಅಂಥಲ್ಲಿ ಮಗ ಲೈಲ್ ಈಗ ಸದಸ್ಯ, ಆ ಜನರ ಹಲ್ಲಿನ ತೂತು ತುಂಬಿ ತುಂಬಿಯೇ ಈ ದಂತವೈದ್ಯರು ಒಳಗೆ ಹೋದರು — ಭಾಷಣದಲ್ಲಿ ಅವನು ಬರೆದುಕೊಂಡಿದ್ದಾನೆ, ಬೆನ್ನುನೋವಿನಿಂದಾಗಿ ನಮ್ಮ ತಂದೆ ಸ್ವಂತ ಇಚ್ಛೆಯಿಂದ ಕೆಲಸ ಬಿಟ್ಟರು, ಕ್ಲಬ್ಬು ಅವರಿಗೆ ಎರಡನೇ ಮನೆಯಾಗಿತ್ತು.

ಸ್ವಂತ ಇಚ್ಛೆ, ಅಂದಳು ರೊವೀನಾ ಕಡಲೆಕಾಯಿಯ ಪೊಟ್ಟಣ ಹಿಂಡುತ್ತಾ, ನಿಂಗೆ ಯಾರು ಹೇಳಿದ್ದು, ಅಮ್ಮ ಹೇಳಿದ್ದು, ಅಂದ ಲೈಲ್ ಕಣ್ಣೆತ್ತದೆ, ಅಮ್ಮ ನಿಂಗೆ ಒಂದು ಹೇಳಿದ್ಳು ನಂಗೆ ಒಂದು ಹೇಳಿದ್ಳು, ನಿಂಗಾಗ ಮೂರು ವರ್ಷ ಕಣೋ, ನಂಗೆ ಹನ್ನೊಂದು, ಸುಮ್ಮನೆ ಕೇಳು — ಅವತ್ತು ಬೆಳಿಗ್ಗೆ ಹುಲ್ಲಿನ ಮೇಲೆ ಇಬ್ಬನಿ ಹೆಪ್ಪುಗಟ್ಟಿತ್ತು, ಅಂಥ ಹುಲ್ಲಿನ ಮೇಲೆ ಕಾಲಿಟ್ಟರೆ ಹೆಜ್ಜೆ ಹೆಜ್ಜೆಗೂ ಕಪ್ಪಾಗಿ ಸಾಯುತ್ತದೆ, ಹಾಗಾಗಿ ಅಪ್ಪ ಗೇಟಿಗೆ ಬೀಗ ಹಾಕಿ ನಿಂತಿದ್ದ, ಬಿಸಿಲು ಬರಲಿ ಸ್ವಾಮಿ, ಒಂದು ಗಂಟೆ ಕಾಯಿರಿ ಅಂದಿದ್ದ, ಯಾರೋ ಸದಸ್ಯ, ಅವನ ಯಾರೋ ಅತಿಥಿ, ಅವರಿಗೆ ಒಂದು ಗಂಟೆ ಕಾಯುವ ಸಹನೆಯಿಲ್ಲ, ಮಧ್ಯಾಹ್ನದೊಳಗೆ ಕ್ಲಬ್ಬಿನವರು ಅಪ್ಪನಿಂದ ಬೀಗದ ಕೈ ವಾಪಸು ತೆಗೆದುಕೊಂಡು ಕೆಲಸದಿಂದ ಕಳಿಸಿದರು, ಹುಲ್ಲು ಉಳಿಸಿದ್ದೇ ತಪ್ಪಾಯಿತು, ಅದೇ ಹುಲ್ಲಿಗೆ ಈಗ ಫಲಕ. ಲೈಲ್ ಫೋನಿನ ದನಿ ಅಡಗಿಸಿದ. ಇದನ್ನೆಲ್ಲ ಅಲ್ಲಿ ಹೇಳೋಕಾಗುತ್ತಾ, ಅಂದ, ಒಳ್ಳೇ ಮನಸ್ಸಿಂದ ಮಾಡ್ತಿದಾರೆ, ಆಗಿದ್ದೋರು ಯಾರೂ ಈಗಿಲ್ಲ, ಹಾಗಾದ್ರೆ ಹೆಸರು ಬೇಡ ಅಂತ ಹೇಳ್ಬಿಡು, ಅಂದಳು, ಮುಂದಿನ ಸಾಲಿನ ಮುದುಕ ತಿರುಗಿ ನೋಡಿದ, ನೋಡಲಿ, ಲೈಲ್ ಫೋನಿನಲ್ಲೇ ಭಾಷಣ ತೆರೆದು ಹೆಬ್ಬೆರಳಿನಿಂದ ಒಂದೊಂದೇ ಅಕ್ಷರ ಅಳಿಸಿದ, ಸ್ವಂತ ಇಚ್ಛೆ ಹೋಯಿತು, ಬೆನ್ನುನೋವು ಹೋಯಿತು, ನೋಡು, ತೆಗೆದೆ, ಸರೀನಾ — ಸರಿಯಂತೆ, ಸುಳ್ಳು ಅಳಿಸಿದ ಜಾಗದಲ್ಲಿ ನಿಜ ತಾನೇ ಮೊಳೆಯುತ್ತದೆಯೇ, ಬರೀ ಬಯಲು.

ಸಿಟ್ಟು ಅವನ ಮೇಲಷ್ಟೇ ಅಲ್ಲ, ಅದೂ ಅವಳಿಗೆ ಗೊತ್ತು, ಆ ಮಧ್ಯಾಹ್ನ ಅಪ್ಪ ಶಾಲೆಯ ಬಾಗಿಲಿಗೇ ಬಂದು, ಬಾ, ಮ್ಯಾಚ್‌ಗೆ ಹೋಗೋಣ ಅಂದಿದ್ದ, ಕೆಲಸದ ದಿನ, ಬುಧವಾರ, ಹಬ್ಬವೆಂದುಕೊಂಡಳು ಅವಳು, ಇದೇ ಮೈದಾನ, ಇಂಥದೇ ಚಳಿ, ಅಪ್ಪ ಅವಳಿಗೆ ಬಿಸಿ ಚಾಕೊಲೇಟು ಕೊಡಿಸಿ ತಾನೇನೂ ಕುಡಿಯಲಿಲ್ಲ, ಆಟದ ಏಳನೇ ಸರದಿಯ ನಡುವೆ ವಾಡಿಕೆಯಂತೆ ಊರೆಲ್ಲ ಎದ್ದು ನಿಂತು ಹಾಡುವ ಹೊತ್ತಿಗೆ ಅವನೂ ಎದ್ದ, ಹಾಡಲಿಲ್ಲ, ಚಳಿಗೆ ಮುದುಡಿ ಕೂತೇ ಇದ್ದ ಅವಳ ಕಣ್ಣಿನ ಮಟ್ಟಕ್ಕೆ ಅವನ ಸೊಂಟ, ಅಲ್ಲಿ ಕೀಲಿಗೊಂಚಲು ಇರಲಿಲ್ಲ, ಅದು ಇಪ್ಪತ್ತೆರಡು ವರ್ಷ ನೇತಾಡಿದ ಜಾಗ, ಖಾಕಿ ಪ್ಯಾಂಟಿನ ಮೇಲೆ ಅಂಗೈಯಗಲ ಸವೆದು ಬಿಳಿಚಿದ ಗುರುತು, ಮೇಲಿನಿಂದ ಅಪ್ಪನ ದನಿ, ಇನ್ಮೇಲೆ ನಂಗೆ ಮಧ್ಯಾಹ್ನ ಎಲ್ಲಾ ಬಿಡುವು ಕಣಮ್ಮ, ಅಮ್ಮಂಗೆ ನಾನೇ ಹೇಳ್ತೀನಿ, ನೀನು ಹೇಳ್ಬೇಡ, ಅವಳು ಚಪ್ಪಾಳೆ ತಟ್ಟಿದಳು, ಹೌದು, ತಟ್ಟಿದಳು, ದಿನಾ ಮ್ಯಾಚು ಅಂತ ಕುಣಿದಳು, ಆ ಗುರುತನ್ನು ನೋಡುತ್ತಲೇ.

ಇದನ್ನು ಲೈಲ್‌ಗೆ ಜೋರಾಗಿಯೇ ಹೇಳಿದಳೇ, ಹೇಳಿರಬೇಕು, ಏಕೆಂದರೆ ಅವನ ಫೋನಿನಲ್ಲಿ ಗಾಲ್ಫ್ ಇಲ್ಲ, ಪರದೆ ಕಪ್ಪಾಗಿದೆ, ಮೂಗು ಕೆಂಪಾಗಿದೆ, ಚಳಿಗಿರಬಹುದು, ಅವನು ಕೇಳುತ್ತಿದ್ದಾನೆ, ಅವತ್ತು ಯಾರ ಮೇಲೆ ಆಟ, ನಾವು ಗೆದ್ವಾ — ಯಾರ ಮೇಲೆ, ಗೆದ್ದೆವೇ, ಅವಳಿಗೆ ಗೊತ್ತಿಲ್ಲ, ಒಂದು ಚೆಂಡೂ ನೆನಪಿಲ್ಲ, ನೀನೇ ಬರಿ ಹಾಗಾದ್ರೆ, ಅಂದು ಲೈಲ್ ಫೋನನ್ನು ಅವಳ ಮಡಿಲಿಗಿಟ್ಟ, ಶನಿವಾರ ನೀನೇ ಓದು, ನಾನು ಪಕ್ಕದಲ್ಲಿ ನಿಂತಿರ್ತೀನಿ, ಅವಳು ಕೈಗವಸು ಹಲ್ಲಿನಿಂದ ಎಳೆದು ತೆಗೆದಳು, ಬೆರಳು ಸೆಟೆದುಕೊಂಡಿವೆ, ಹಿತ್ತಾಳೆಯ ಫಲಕವಂತೆ, ಸದಸ್ಯರೇ, ಅತಿಥಿಗಳೇ, ಅವತ್ತು ಬೆಳಿಗ್ಗೆ ಇಬ್ಬನಿ ಹೆಪ್ಪುಗಟ್ಟಿತ್ತು, ಬರೆದಳು, ನಮ್ಮ ಅಪ್ಪ ಗೇಟಿಗೆ ಬೀಗ ಹಾಕಿದ, ಬರೆದಳು, ಮಧ್ಯಾಹ್ನ ಅವನ ಸೊಂಟದಲ್ಲಿ — ಸೊಂಟದಲ್ಲಿ — ಖಾಕಿಯ ಮೇಲೆ, ಅಂಗೈಯಗಲ, ಸವೆದ ಬಿಳಿಯ ಗುರುತು, ಅಂಗೈಯಗಲ, ಬಿಳಿಯ —