ಎಂಟು ತಿಂಗಳ ಇಂಡೋನೇಷ್ಯನ್

೨೦೦೮ರ ಮಾತು. ಇಂಡೋನೇಷ್ಯಾದ ಸುರಬಾಯಾದಿಂದ ಬರುವ ಗಿರಾಕಿಗಳು ತಮ್ಮತಮ್ಮಲ್ಲಿ ಏನು ಮಾತಾಡಿಕೊಳ್ಳುತ್ತಾರೆಂದು ತಿಳಿಯಲು ಮಾದಾಪುರದ ಕಂಪನಿಯೊಂದು ನಲಿನಿಗೆ ಎಂಟು ತಿಂಗಳು ಇಂಡೋನೇಷ್ಯನ್ ಭಾಷೆ ಕಲಿಸಿತ್ತು. ಮೀಟಿಂಗಿನ ದಿನ ಅವಳು ಏನೂ ತಿಳಿಯದವಳಂತೆ ಕಿವಿಗೊಟ್ಟು ಕೂತಳು. ಕರಾರಿನ ಮಾತು ಬಂದಾಗ ಅತಿಥಿಗಳಿಬ್ಬರೂ ಪಿಸುಗುಟ್ಟತೊಡಗಿದರು. ಅವಳಿಗೆ ಒಂದಕ್ಷರವೂ ತಿಳಿಯಲಿಲ್ಲ.

ಗಾಬರಿಯಾಗಿ ಪಕ್ಕದಲ್ಲಿದ್ದ ಸಹೋದ್ಯೋಗಿ ಪ್ರಾಣೇಶನ ಕಡೆ ಬಾಗಿದಳು. "ಇದು ನಾ ಕಲ್ತ ಭಾಷಾನ ಅಲ್ರೀ. ಮ್ಯಾನೇಜರ್ ಕೇಳಿದ್ರ ಏನ್ ಹೇಳ್ಲಿ?"

"ವಿಚಾರ ಮಾಡಾಕತ್ತಾರ ಅಂತ ಹೇಳ್ರಿ," ಎಂದ ಪ್ರಾಣೇಶ.

ಅಷ್ಟರಲ್ಲಿ ಅತಿಥಿಗಳಲ್ಲಿ ಹಿರಿಯ ಇಂಗ್ಲಿಷಿನಲ್ಲಿ ಕೇಳಿದ: "ನೀವಾಡಿದ್ದು ಯಾವ ಭಾಷೆ? ನಿಮ್ಮ ಮಾತು ತಿಳಿಯಲೆಂದೇ ನಮ್ಮ ಈ ಹುಡುಗ ತೆಲುಗು, ಹಿಂದಿ ಎರಡೂ ಕಲಿತು ಬಂದಿದ್ದಾನೆ. ಪಾಪ, ಬೆವರುತ್ತಿದ್ದಾನೆ."

ನಲಿನಿಗೆ ನಗು ತಡೆಯಲಾಗಲಿಲ್ಲ. "ಕನ್ನಡ, ನಮ್ಮ ಮನೆಮಾತು," ಎಂದು ಇಂಡೋನೇಷ್ಯನ್ನಿನಲ್ಲೇ ಹೇಳಿಬಿಟ್ಟಳು.

ಹಿರಿಯ ಒಂದು ಕ್ಷಣ ಬೆಪ್ಪಾಗಿ, ಆಮೇಲೆ ಗಹಗಹಿಸಿ ನಕ್ಕ. "ನಮ್ಮದು ಜಾವಾ ದ್ವೀಪ, ಮನೆಮಾತು ಜಾವಾನೀಸ್ ತಾಯಿ. ಇಂಡೋನೇಷ್ಯನ್ನನ್ನು ನಾವೂ ನಿನ್ನ ಹಾಗೆ ಪಾಠ ಹೇಳಿಸಿಕೊಂಡೇ ಕಲಿತದ್ದು."

ಸಂಜೆಯೊಳಗೆ ಕರಾರಿಗೆ ಸಹಿ ಬಿತ್ತು. ಎಲ್ಲವೂ ಆ ಎಂಟು ತಿಂಗಳ ಫಲವೆಂದು ಹಿಗ್ಗಿದ ಮ್ಯಾನೇಜರ್, ಮರುದಿನವೇ ಇನ್ನೂ ನಾಲ್ವರನ್ನು ಇಂಡೋನೇಷ್ಯನ್ ತರಗತಿಗೆ ಸೇರಿಸಿದ.