ಬದುಕಿರುವಾಗಲೇ ಬರೆದುಕೊಟ್ಟ ಮನೆ

ನನ್ನ ಅಕ್ಕ ಎವ್ಲಾಲಿಯಾಳ ಮಕ್ಕಳನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ. ಹೆತ್ತ ತಾಯಿ ಯಾವಾಗ ಸತ್ತರೆ ಎಷ್ಟು ತೆರಿಗೆ ಎಂದು ಅವಳ ಎದುರಿಗೇ ಲೆಕ್ಕ ಹಾಕಿದವರು ಅವರು. ಅದಕ್ಕೆ ಪ್ರೀತಿ ಅಂತ ಹೆಸರು ಬೇರೆ.

ಅಕ್ಕನ ಆಸೆ ದೊಡ್ಡದೇನಲ್ಲ. ಶಾಲೆಯ ಅಡುಗೆಮನೆಯಲ್ಲಿ ಊರ ಮಕ್ಕಳಿಗೆಲ್ಲ ಅನ್ನ, ಕಾಳಿನ ಸಾರು ಬೇಯಿಸಿ ನಿವೃತ್ತಳಾದವಳು. ಪಿಂಚಣಿ ಮಾತ್ರೆಗೂ ಸಾಲದು. ಸ್ಮಶಾನಕ್ಕೆ ಹೋಗುವ ಏರುಬೀದಿಯಲ್ಲಿ ನಮ್ಮಪ್ಪ ಅವಳ ಹೆಸರಿಗೆ ಮಾಡಿದ ಮನೆಯೊಂದೇ ಅವಳ ಆಸ್ತಿ. ಅದನ್ನು ಮಾರಿ, ಗ್ವಾರಪಾರಿಯಲ್ಲಿ ಸಮುದ್ರಕ್ಕೆ ಹತ್ತಿರವಾಗಿ ಎರಡು ಕೋಣೆಯ ಫ್ಲಾಟು ಕೊಂಡು, ಉಳಿದ ದುಡ್ಡಿನಲ್ಲಿ ಯಾರ ಮುಂದೆಯೂ ಕೈಚಾಚದೆ ಬದುಕಬೇಕು ಅಂದುಕೊಂಡಿದ್ದಳು. ಗಂಡ ಹೋದ ಮೇಲೆ ಅವಳ ಜೊತೆಗಿದ್ದವಳು ನಾನೇ. ‘ಜಸೀರಾ, ನೀನೂ ಬರ್ತೀಯಲ್ಲ?’ ಎಂದು ದಿನಾ ಕೇಳುತ್ತಿದ್ದಳು. ಕಡಲೇ ಇಲ್ಲದ ನಮ್ಮ ಮಿನಾಸ್‌ನಲ್ಲಿ ಹುಟ್ಟಿದವರಿಗೆ ಸಮುದ್ರದ ಹುಚ್ಚು ಸಾಯುವವರೆಗೂ ಬಿಡುವುದಿಲ್ಲ.

ಅಷ್ಟರಲ್ಲಿ ಹೊಸ ಕಾನೂನಿನ ಸುದ್ದಿ ಬಂತು. ಹೊಸ ವರ್ಷದಿಂದ ಸತ್ತವರ ಆಸ್ತಿ ಮಕ್ಕಳಿಗೆ ಬರುವಾಗ ಕಟ್ಟುವ ತೆರಿಗೆ ಏರುತ್ತದಂತೆ. ತಾಯಿಯ ಹುಟ್ಟುಹಬ್ಬವನ್ನೂ ಮರೆಯುತ್ತಿದ್ದ ಮಗ ವಾಂಡರ್ಲೆ, ಮಗಳು ರೊಸಾಂಜೆಲಾ ವಾರಕ್ಕೆರಡು ಸಲ ಮನೆಗೆ ಬರತೊಡಗಿದರು. ಜೊತೆಗೆ ಕೇಕು, ಹೂವು, ಕಾಲಿಗೆ ಹಚ್ಚುವ ಎಣ್ಣೆ.

“ಅಮ್ಮ, ನೀವು ಹೋದ್ಮೇಲೆ ಅರ್ಧ ಮನೇನ ಸರ್ಕಾರ ನುಂಗತ್ತೆ. ಈಗ್ಲೇ ಹಳೇ ತೆರಿಗೇಲೇ ನಮ್ಮ ಹೆಸರಿಗೆ ದಾನ ಬರ್ದುಬಿಡಿ. ನೀವಿರೋವರ್ಗೂ ಅನುಭೋಗದ ಹಕ್ಕು ನಿಮ್ದೇ. ಊರೆಲ್ಲ ಹಂಗೇ ಮಾಡ್ತಿದೆ,” ಅಂದ ವಾಂಡರ್ಲೆ.

“ನಾನು ಮಾರ್ಬೇಕು ಅಂತಿದ್ನಲ್ಲೋ?”

“ಮಾರಿ! ಯಾವತ್ತು ಬೇಕೋ ಅವತ್ತು ಒಂದು ಮಾತು ಹೇಳಿ, ನಾವಿಬ್ರೂ ಬಂದು ಸೈನ್ ಹಾಕ್ತೀವಿ. ನಾವೇನು ಹೊರಗಿನವ್ರಾ?”

“ಅಕ್ಕ, ಬೇಡ ಕಣೇ. ಕೈಲಿರೋದನ್ನ ಕೊಟ್ಟು ಆಮೇಲೆ ಬೇಡ್ಕೊಂಡು ಕೂರ್ಬೇಡ,” ಅಂದೆ ನಾನು.

“ಮಕ್ಕಳಿಲ್ದೋರಿಗೆ ಇದೆಲ್ಲ ಅರ್ಥ ಆಗಲ್ಲ ಚಿಕ್ಕಮ್ಮ,” ಅಂದಳು ರೊಸಾಂಜೆಲಾ. ಅಕ್ಕ ಅವಳನ್ನು ಗದರಿಸಲಿಲ್ಲ. ನಾನು ಎದ್ದು ಅಂಗಳಕ್ಕೆ ಹೋದೆ.

ಡಿಸೆಂಬರಿನ ಕೊನೆಯ ವಾರ ನೋಟರಿ ಕಚೇರಿಯಲ್ಲಿ ಕಂಡದ್ದನ್ನು ನಾನು ಮರೆಯಲಾರೆ. ಊರಿನ ಮುದುಕ ಮುದುಕಿಯರೆಲ್ಲ ಅಲ್ಲೇ. ಇಸ್ತ್ರಿ ಮಾಡಿದ ಬಟ್ಟೆ, ಬಾಚಿದ ತಲೆ, ಒಬ್ಬೊಬ್ಬರ ಮೊಣಕೈಯನ್ನು ಒಬ್ಬೊಬ್ಬ ಮಗನೋ ಮಗಳೋ ಹಿಡಿದು ನಿಂತಿದ್ದರು. ಸಂತೆಗೆ ದನ ಹೊಡೆದುಕೊಂಡು ಬಂದ ಹಾಗಿತ್ತು. ಆಮ್ಲಜನಕದ ಸಿಲಿಂಡರಿನ ಸಮೇತ ಬಂದಿದ್ದ ಒಬ್ಬ ಮುದುಕನಿಗೆ ಸೊಸೆ, “ಸೈನ್ ಆಗೋವರ್ಗೂ ಕೆಮ್ಬೇಡಿ ಮಾವ,” ಅನ್ನುತ್ತಿದ್ದಳು. ಥೂ!

ಕಚೇರಿಯ ಹೆಂಗಸು ಪತ್ರವನ್ನು ನಿಯಮದ ಪ್ರಕಾರ ಗಟ್ಟಿಯಾಗಿ ಓದಿದಳು. ಮನೆ ಮಕ್ಕಳದ್ದು, ಅದರಲ್ಲಿ ವಾಸ ಮಾಡುವ, ಅದನ್ನು ಬಾಡಿಗೆಗೆ ಕೊಡುವ, ಬಾಡಿಗೆ ತಿನ್ನುವ ಹಕ್ಕು ಸಾಯುವವರೆಗೆ ತಾಯಿಯದ್ದು. ಮಕ್ಕಳಿಬ್ಬರೂ ಮೊಬೈಲು ನೋಡುತ್ತಿದ್ದರು. ಅಕ್ಕ ಮಾತ್ರ ಶಾಲೆಯ ಹುಡುಗಿಯ ಹಾಗೆ ಕೈಕಟ್ಟಿ ಕೇಳಿದಳು. “ನಿಮ್ಮ ಇಷ್ಟದಿಂದಲೇ ಕೊಡ್ತಿದ್ದೀರಾ?” ಅಂದದ್ದಕ್ಕೆ, “ಮಕ್ಕಳಿಗಲ್ವಾ,” ಎಂದು ನಕ್ಕು ಸೈನ್ ಹಾಕಿದಳು.

ಫೆಬ್ರವರಿಯಲ್ಲಿ ಕಾರ್ನಿವಲ್ ಹಬ್ಬ ಮುಗಿಯುವ ಹೊತ್ತಿಗೆ ಗೊತ್ತಾಯಿತು, ಆ ಕಾನೂನು ಪಾಸೇ ಆಗಿರಲಿಲ್ಲ. ವಿಧಾನಸಭೆಯವರು ಮುಂದಕ್ಕೆ ಹಾಕಿ ಎದ್ದುಹೋಗಿದ್ದರು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಲು ಊರಿಗೆ ಊರೇ ಸಾಲು ನಿಂತಿತ್ತು.

ಆ ಭಾನುವಾರ ಅಕ್ಕ ಬೆಂಡೆಕಾಯಿ ಹಾಕಿ ಕೋಳಿ ಸಾರು ಮಾಡಿ, ಮೆಕ್ಕೆಜೋಳದ ಮುದ್ದೆ ತಿರುವಿ ಮಕ್ಕಳನ್ನು ಕರೆದಳು. ಎಲ್ಲರಿಗೂ ಬಡಿಸಿದ ಮೇಲೆ ಹೇಳಿದಳು:

“ಮನೆಗೆ ಗಿರಾಕಿ ಸಿಕ್ಕಿದಾರೆ. ಬುಧವಾರ ಬಂದು ಸೈನ್ ಹಾಕ್ರಪ್ಪ.”

ರೊಸಾಂಜೆಲಾ ಅಣ್ಣನ ಮುಖ ನೋಡಿದಳು. “ಈ ವಯಸ್ಸಲ್ಲಿ ಸಮುದ್ರ ಯಾಕಮ್ಮ? ಮಂಡಿ ಬೇರೆ ಸರಿಯಿಲ್ಲ ನಿಮ್ದು.”

“ಮಾತು ಕೊಟ್ಟಿದ್ರಲ್ಲೇ?”

“ಕೊಟ್ಟಿದ್ವಿ, ಇಲ್ಲ ಅಂದ್ವಾ? ಆದ್ರೆ ಈಗ ಮಾರೋ ಕಾಲ ಅಲ್ಲಮ್ಮ,” ಅಂದ ವಾಂಡರ್ಲೆ.

“ಹಂಗಾದ್ರೆ ವಾಪಸ್ ನನ್ನ ಹೆಸರಿಗೇ ಮಾಡ್ಬಿಡಿ.”

ಅವನು ಕೋಳಿಯ ಮೂಳೆ ಚೀಪುತ್ತಲೇ ನಕ್ಕ. “ವಾಪಸ್ ಕೊಡೋದೂ ದಾನಾನೇ ಅಮ್ಮ, ಅದಕ್ಕೂ ತೆರಿಗೆ. ನೀವು ಹೋದ್ಮೇಲೆ ಮತ್ತೆ ನಮಗೆ ಬರೋವಾಗ ಇನ್ನೊಂದ್ಸಲ. ಒಂದೇ ಮನೆಗೆ ಮೂರು ಸಲ ತೆರಿಗೆ ಕಟ್ಟೋಕೆ ನಮಗೇನು ತಲೆ ಕೆಟ್ಟಿದ್ಯಾ?”

ಅವನ ಗಲ್ಲದ ಮೇಲೆ ಎಣ್ಣೆ ಇಳಿಯುತ್ತಿತ್ತು. ಅಕ್ಕ ಬೇಯಿಸಿದ ಕೋಳಿ, ಅಕ್ಕನ ತಟ್ಟೆ, ಅಕ್ಕನ ಮೇಜು. ನನಗೆ ತಡೆಯಲಾಗಲಿಲ್ಲ.

“ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ಈರಭದ್ರ ಅನ್ನೋದು ನಿನ್ನಂಥೋರನ್ನ ನೋಡೇ ಕಣೋ! ನಾಚ್ಕೆ ಆಗಲ್ವಾ ನಿಂಗೆ?”

“ಚಿಕ್ಕಮ್ಮ, ಇದು ನಮ್ಮ ಮನೆ ವಿಷ್ಯ,” ಅಂದ.

ಅವರು ಹೋದ ಮೇಲೆ ಅಕ್ಕ ಪಾತ್ರೆ ತೊಳೆದಳು. ತೊಳೆದದ್ದನ್ನೇ ಮತ್ತೆ ತೊಳೆದಳು. ಆಮೇಲೆ ಕೈ ಒರೆಸಿಕೊಂಡು, “ಆ ಕಚೇರಿ ಹುಡುಗಿ ಬಾಡಿಗೆ ಅಂತ ಓದಿದ್ಲು ಅಲ್ವಾ ಜಸೀರಾ?” ಎಂದು ಕೇಳಿದಳು.

ಸ್ಮಶಾನದ ದಾರಿಯಲ್ಲಿದ್ದ ಅಕ್ಕನ ಮನೆಯ ಮೇಲೆ ಕಣ್ಣಿಟ್ಟಿದ್ದವನು ಊರಲ್ಲಿ ಒಬ್ಬನಿದ್ದ, ಶವಪೆಟ್ಟಿಗೆಯ ವ್ಯಾಪಾರಿ. ಹೆಣವಿಟ್ಟು ನೆಂಟರಿಷ್ಟರು ಕೂರಲು ಅವನಿಗೆ ದೊಡ್ಡ ಹಜಾರ ಬೇಕಿತ್ತು. ಅಕ್ಕ ಅವನಿಗೇ ಬಾಡಿಗೆಗೆ ಕೊಟ್ಟಳು; ಈಸ್ಟರಿಗೆ ಮುಂಚೆ ಮನೆಯ ಮುಂದೆ ಅವನ ನೇರಳೆ ಬಣ್ಣದ ಬೋರ್ಡು ಬಿತ್ತು. ಮಗ ಹುಟ್ಟಿದ ಕೋಣೆಯಲ್ಲಿ ಪೆಟ್ಟಿಗೆಗಳನ್ನು ಜೋಡಿಸಿದರು.

ವಾಂಡರ್ಲೆ ಓಡಿಬಂದ. “ಹೆಣದ ಮನೆ ಮಾಡಿದ್ರಲ್ಲಮ್ಮ! ನಾಳೆ ಇದನ್ನ ಯಾರು ಕೊಳ್ತಾರೆ? ಎಷ್ಟು ದಿನಕ್ಕೆ ಬರ್ದುಕೊಟ್ಟಿದ್ದೀರಿ?”

“ನಾನು ಸಾಯೋವರ್ಗೂ ಕಣಪ್ಪ. ಹೆಂಗೂ ನೀವೆಲ್ಲ ಕಾಯ್ತಿರೋದು ಒಂದು ಹೆಣಕ್ಕೇ ಅಲ್ವಾ? ಜಾಗ ರೆಡಿ ಇರ್ಲಿ ಅಂತ.”

ಆ ಬಾಡಿಗೆಯಲ್ಲಿ ಸಮುದ್ರದ ಎದುರಿನ ಫ್ಲಾಟೆಲ್ಲಿ ಬಂತು? ಗ್ವಾರಪಾರಿಯಲ್ಲಿ ನಮಗೆ ಸಿಕ್ಕಿದ್ದು ಮೂರು ಬೀದಿ ಹಿಂದೆ ಒಂದು ಬಾಡಿಗೆ ಕೋಣೆ. ನಾನು ಗೆದ್ದೆವೆಂದು ಬೀಗುತ್ತಿದ್ದೆ. ಅಕ್ಕ ಬೀಗಲಿಲ್ಲ. ಬೆಳಿಗ್ಗೆ ನನ್ನ ಭುಜ ಹಿಡಿದು ನಿಧಾನವಾಗಿ ನಡೆದು, ನೀರಿನಲ್ಲಿ ಮಂಡಿಯವರೆಗೆ ನಿಲ್ಲುತ್ತಾಳೆ.

ಮಗನ ಫೋನು ಈಗ ಭಾನುವಾರ ತಪ್ಪದೆ ಬರುತ್ತದೆ. ಮೊನ್ನೆಯೂ ಬಂತು. “ಹೂಂ, ಸರಿಯಿದೆ... ಹೂಂ, ಮಾತ್ರೆ ತಗೊಂಡೆ,” ಎಂದು ಇಟ್ಟಳು.

“ಏನಂತೆ?” ಅಂದೆ.

“ಬಿಪಿ ಎಷ್ಟಿದೆ ಅಂದ, ಎದೆನೋವು ಬರತ್ತಾ ಅಂದ, ಡಾಕ್ಟ್ರು ಏನಂದ್ರು ಅಂದ,” ಅಂದಳು. “ಸಮುದ್ರ ಹೆಂಗಿದೆ ಅಮ್ಮ ಅಂತ ಒಂದ್ಸಲಾನೂ ಕೇಳ್ಲಿಲ್ಲ ಕಣೇ.”